ಒಳ ಅಳತೆ

ನಮ್ಮ ಓಣಿಯ ವಾಸನೆ ನಮಗೆ ಗೊತ್ತಾಗುವುದಿಲ್ಲ. ಬೇರೆಯವರ ಮುಖ ನೋಡಿದಾಗಲೇ ಗೊತ್ತಾಗುವುದು.

ಚರ್ಮದ ಕಾರ್ಖಾನೆಯ ಹಿಂದಿನ ಓಣಿ ನಮ್ಮದು. ನಾನು ತೊಗಲು ಹೆರೆಯುವವಳು. ಸುಣ್ಣದ ತೊಟ್ಟಿಯಿಂದ ಎತ್ತಿದ ಹಸಿ ತೊಗಲನ್ನು ಮರದ ದಿಮ್ಮಿಯ ಮೇಲೆ ಹಾಸಬೇಕು. ಎರಡು ಹಿಡಿಯ ಕತ್ತಿ ಹಿಡಿದು, ಒಳಮೈಗೆ ಅಂಟಿದ ಮಾಂಸ, ಕೊಬ್ಬು ಎಲ್ಲ ಹೆರೆದು ಕೆಳಗೆ ಬೀಳಿಸಬೇಕು. ಬಗ್ಗಿದ ಸೊಂಟ ಬಗ್ಗಿದ ಹಾಗೇ ಇರುತ್ತದೆ. ಸುಣ್ಣ ಉಗುರಿನ ಸಂದಿ ತಿನ್ನುತ್ತದೆ. ನನಗಿಂತ ಮುಂಚೆ ಆ ದಿಮ್ಮಿ ನಮ್ಮತ್ತೆಯದು. ಅವರ ಕೈಯಲ್ಲಿ ಈಗ ಉಗುರು ಅನ್ನುವುದೇ ಉಳಿದಿಲ್ಲ. ಕೆಲಸ ಬಿಟ್ಟು ವರ್ಷಗಳಾದವು, ವಾಸನೆ ಮಾತ್ರ ಅವರನ್ನು ಬಿಟ್ಟಿಲ್ಲ. ಸೋಪು ಮೈಗೆ ತಾನೇ, ಮೂಳೆಗೆ ಯಾರು ಹಚ್ಚುತ್ತಾರೆ ಎಂದು ಅವರೇ ನಗುತ್ತಾರೆ.

ನಮ್ಮ ಮನೆಗಳನ್ನು ಮನೆ ಅಂತ ಯಾರೂ ಕಟ್ಟಿದ್ದಲ್ಲ. ಹಿಂದೆ ಕಾರ್ಖಾನೆಯವರು ಉಪ್ಪು ತುಂಬಿಡುತ್ತಿದ್ದ ಗೋದಾಮುಗಳು ಅವು. ಹೊಸ ಗೋದಾಮು ಕಟ್ಟಿಕೊಂಡ ಮೇಲೆ ಇವನ್ನು ನಮ್ಮ ತಲೆಗೆ ಕಟ್ಟಿದರು. ಅದರ ದುಡ್ಡನ್ನು ಮಾವನವರ ಸಂಬಳದಲ್ಲಿ ಅವರು ಬದುಕಿರುವಷ್ಟು ದಿನವೂ ಹಿಡಿದುಕೊಂಡರು. ಗೋಡೆಯ ದಪ್ಪ ನನ್ನ ಇಡೀ ತೋಳಿನಷ್ಟಿದೆ. ಹೊರಗಿಂದ ನೋಡಿದರೆ ಕೋಟೆ. ಒಳಗೆ ಬಂದು ಕಾಲು ಚಾಚಿದರೆ ಎದುರು ಗೋಡೆ. ನಾವು ಮನೆಯಲ್ಲಿ ಇರುವುದಲ್ಲ, ಎರಡು ಗೋಡೆಗಳ ಸಂದಿಯಲ್ಲಿ ಇರುವುದು.

ಹೊಸ ಮನೆ ತೆರಿಗೆ ಬಂದಾಗ ಊರೆಲ್ಲ ಗಾಡಿ ತಿರುಗಿ ಮೈಕಿನಲ್ಲಿ ಕೂಗಿತು. ಇಷ್ಟು ವರ್ಷ ಕಚೇರಿಯಲ್ಲಿ ಕೂತ ಗುಮಾಸ್ತರು ಬೀದಿಯ ಹೆಸರು ನೋಡಿ, ಮನೆಯವನ ಮುಖ ನೋಡಿ ತೆರಿಗೆ ಹಾಕುತ್ತಿದ್ದರಂತೆ. ಮುಖ ದೊಡ್ಡದಿದ್ದವನಿಗೆ ಮನೆ ಸಣ್ಣದಾಗುತ್ತಿತ್ತು. ಇನ್ನು ಹಾಗಿಲ್ಲ. ಪ್ರತಿ ಮನೆಯ ಒಳಗೂ ಬಂದು, ಗೋಡೆ ಬಿಟ್ಟು, ಮನುಷ್ಯರು ಓಡಾಡುವ ನೆಲವನ್ನಷ್ಟೇ ಅಳೆಯುತ್ತಾರೆ. ಒಳ ಅಳತೆ ಅಂತ ಅದಕ್ಕೆ ಹೆಸರು. ಇಂತಿಷ್ಟಕ್ಕಿಂತ ಸಣ್ಣ ಮನೆಗೆ ತೆರಿಗೆಯೇ ಇಲ್ಲ. ಅದಕ್ಕಿಂತ ದೊಡ್ಡದಾದರೆ ಕಟ್ಟಬೇಕು, ಕಟ್ಟದಿದ್ದರೆ ನಲ್ಲಿ ಕತ್ತರಿಸುತ್ತಾರೆ.

ಕಾಯಿದೆ ಚೆನ್ನಾಗಿಯೇ ಇತ್ತು. ಯಾರೋ ಒಳ್ಳೆಯವರು ಕೂತು ಯೋಚನೆ ಮಾಡಿ ಬರೆದಿದ್ದರು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಪಕ್ಕದ ಮನೆಯ ರೇಡಿಯೋ ಬಂದು ಇದನ್ನೆಲ್ಲ ನಮಗೆ ಬಿಡಿಸಿ ಹೇಳಿದಳು. ಅವಳಿಗೆ ರೇಡಿಯೋ ಅನ್ನುವ ಹೆಸರು ಯಾಕೆ ಬಂತು ಅಂತ ಹೇಳಬೇಕಾಗಿಲ್ಲ, ಒಂದು ಗಳಿಗೆ ಅವಳ ಪಕ್ಕ ಕೂತರೆ ಸಾಕು. ನಮ್ಮ ಮನೆಯವರು ತೆರಿಗೆ ಉಳಿಯಿತು ಅಂದರು. ನಾನು ನಲ್ಲಿ ಉಳಿಯಿತು ಅಂದೆ. ಕಾರ್ಖಾನೆಯಿಂದ ಬಂದು ಮೈ ಮೇಲೆ ನೀರು ಸುರಿದುಕೊಳ್ಳುವ ತನಕ ನಾನು ಮನುಷ್ಯಳಲ್ಲ. ಅತ್ತೆ ಮಾತ್ರ ಎರಡನ್ನೂ ಕೇಳಿಸಿಕೊಳ್ಳಲಿಲ್ಲ.

“ಒಳಗೆ ಬರ್ತಾರಾ?” ಅಂತ ಕೇಳಿದರು. “ನಮ್ಮನೆ ಒಳಗೆ?”

ಅವರು ಹಾಗೆ ಕೇಳಿದ್ದಕ್ಕೆ ಕಾರಣ ಇತ್ತು. ನಮ್ಮ ಓಣಿಗೆ ಹೊರಗಿನವರು ಬರುತ್ತಾರೆ, ಮನೆಯೊಳಗೆ ಬರುವುದಿಲ್ಲ. ಸಿಲಿಂಡರ್ ತರುವವನು ಓಣಿಯ ಬಾಯಲ್ಲಿ ಇಳಿಸಿ ಹೋಗುತ್ತಾನೆ. ಶಾಲೆಯ ಮೇಷ್ಟ್ರು ಬೀದಿಯಲ್ಲಿ ನಿಂತು ಮಕ್ಕಳ ಹೆಸರು ಕೂಗುತ್ತಾರೆ. ಮಾವ ತೀರಿಕೊಂಡ ದಿನ ಡಾಕ್ಟರು ಹೊಸ್ತಿಲ ಆಚೆಯೇ ನಿಂತು, ಟಾರ್ಚು ಬಿಟ್ಟು ನೋಡಿ, ಹೋಗಿದ್ದಾರೆ ಅಂದರು. ಅಲ್ಲಿಂದ ಅವರಿಗೆ ಏನು ಕಂಡಿತೋ ಗೊತ್ತಿಲ್ಲ. ಕೈ ಹಿಡಿದು ನೋಡಿ ಸ್ವಾಮಿ ಅಂತ ಅತ್ತೆ ಆವತ್ತು ಕೇಳಲಿಲ್ಲ. ಕೇಳಬೇಕಿತ್ತು ಅಂತ ಈಗಲೂ ಒಮ್ಮೊಮ್ಮೆ ಅನ್ನುತ್ತಾರೆ.

ಅಳತೆಯವರು ಬಂದರು. ಒಬ್ಬರು ಸಾಹೇಬರು, ಒಬ್ಬ ಟೇಪಿನವ. ಮೇಲಿನ ಬೀದಿಗಳಲ್ಲಿ ಅವರು ಮಲಗುವ ಕೋಣೆಯ ಮಂಚ ಸರಿಸಿ ಅಳೆದಿದ್ದರು, ಸೋಫಾದಲ್ಲಿ ಕೂತು ಚಹಾ ಕುಡಿದಿದ್ದರು. ನಮ್ಮ ಓಣಿಗೆ ಬಂದವರು ಮೂಗಿಗೆ ಕರ್ಚೀಫು ಕಟ್ಟಿಕೊಂಡೇ ಬಂದರು. ಮನೆಯ ಹೊರಗೋಡೆಗೆ ಟೇಪು ಹಿಡಿದರು. ಉದ್ದ ಇಷ್ಟು, ಅಗಲ ಇಷ್ಟು, ನಡಿ ಮುಂದಕ್ಕೆ. ಗೋಡೆಯ ದಪ್ಪ ಎಲ್ಲ ಮನೆಯ ಲೆಕ್ಕಕ್ಕೆ ಸೇರಿತು. ಮುಂದಿನ ಕಟ್ಟೆಯೂ ಸೇರಿತು. ಅತ್ತೆ ಒಗೆದ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. ಬನ್ನಿ ಅಂದರು. ಯಾರೂ ಅವರ ಕಡೆ ನೋಡಲಿಲ್ಲ.

ಆಮೇಲೆ ಚೀಟಿ ಬಂತು. ಗೋದಾಮಿನ ಗೋಡೆಗಳ ದಯೆಯಿಂದ ನಾವೆಲ್ಲ ದೊಡ್ಡ ಮನೆಯವರಾಗಿದ್ದೆವು. ಮೂಗಿಗಿಂತ ಮೂಗುತಿ ಭಾರ. ಓಣಿಯವರೆಲ್ಲ ಸೇರಿ ತಕರಾರು ಬರೆದು ಕೊಟ್ಟೆವು. ನಮ್ಮನ್ನು ಕಚೇರಿಯ ಮೆಟ್ಟಿಲ ಮೇಲೇ ನಿಲ್ಲಿಸಿ ಅರ್ಜಿ ಇಸಿದುಕೊಂಡರು. ಸರಿ, ಇನ್ನೊಂದು ಸಲ ಬಂದು ಒಳಗೇ ಅಳೆಯುತ್ತೇವೆ, ಹೋಗಿ ಅಂದರು.

ಆ ಇನ್ನೊಂದು ಸಲಕ್ಕೆ ನಾನು ಏನೇನು ಮಾಡಿದೆ ಅಂತ ನೆನೆದರೆ ಮೈ ಉರಿಯುತ್ತದೆ. ರಜೆ ಹಾಕಿದೆ. ಸಂಬಳ ಹೋಗಲಿ ಅಂದುಕೊಂಡೆ. ಗೋಡೆಗೆ ಸುಣ್ಣ ಬಳಿದೆ. ನೆಲಕ್ಕೆ ಫಿನಾಯಿಲ್ ಸುರಿದು ಮಂಡಿಯೂರಿ ಉಜ್ಜಿದೆ. ಬಟ್ಟೆಯೆಲ್ಲ ಕುದಿಸಿದೆ. ಕಲ್ಲಿನಲ್ಲಿ ಕೈ ಉಜ್ಜಿಕೊಂಡೆ, ರಕ್ತ ಬರುವ ತನಕ. ಪೇಟೆಯಲ್ಲಿ ಅಗರಬತ್ತಿ ತಂದು ಹಚ್ಚಿದೆ. ಬಾಗಿಲಲ್ಲಿ ನಿಂತು ಮೂಸಿ ನೋಡಿದೆ. ನನಗೇನು ಗೊತ್ತಾಗುತ್ತದೆ? ಬೀದಿಯಲ್ಲಿ ಹೋಗುತ್ತಿದ್ದ ತರಕಾರಿಯವಳನ್ನು ನಿಲ್ಲಿಸಿ, ಅಕ್ಕಾ, ನಮ್ಮನೆ ವಾಸನೆ ಬರ್ತಿದೆಯಾ ಅಂತ ಕೇಳಿದೆ. ಅವಳು ಒಳ್ಳೆಯವಳು. ಅಷ್ಟೇನಿಲ್ಲ ಅಂದಳು.

ಅಷ್ಟೇನಿಲ್ಲ. ಹಾಗಾದರೆ ಇನ್ನೂ ಸ್ವಲ್ಪ ಇದೆ. ನಾನು ಮನೆಯೊಳಗೆ ಬಂದು ಸುತ್ತ ನೋಡಿದೆ. ಉಜ್ಜಲಿಕ್ಕೆ ಏನೂ ಉಳಿದಿರಲಿಲ್ಲ. ಮೂಲೆಯಲ್ಲಿ ಅತ್ತೆ ಕೂತಿದ್ದರು. ನಾನು ನೋಡುವುದನ್ನು ಅವರು ನೋಡಿದರು.

“ನಾನು ರೇಡಿಯೋ ಮನೇಲಿ ಕೂತಿರ್ತೀನಿ ಬಿಡೇ,” ಅಂದರು. “ಅವರು ಬಂದು ಹೋಗ್ಲಿ.”

ಬೇಡ ಅತ್ತೆ ಅನ್ನಬೇಕಿತ್ತು. ನಾಲಿಗೆ ಮೇಲೆ ಬಂತು. ಹೊರಗೆ ಬರಲಿಲ್ಲ. ಸೆರಗು ಸರಿ ಮಾಡಿಕೊಂಡು, ಗೋಡೆ ಹಿಡಿದುಕೊಂಡು, ಅವರು ಎದ್ದು ಹೊರಗೆ ಹೋದರು. ಅವರು ಕೂತಿದ್ದ ಜಾಗವನ್ನೂ ನಾನು ಫಿನಾಯಿಲ್ ಹಾಕಿ ಒರೆಸಿದೆ. ಒರೆಸುತ್ತಿದ್ದಾಗಲೇ ನಾಚಿಕೆಯಾಯಿತು. ನಾಚಿಕೆಪಟ್ಟುಕೊಂಡೇ ಒರೆಸಿ ಮುಗಿಸಿದೆ.

ರೇಡಿಯೋ ಮನೆಯ ಅಳತೆ ಬೆಳಿಗ್ಗೆಯೇ ಮುಗಿದಿತ್ತು. ಏನಾಯಿತು ಅಂತ ಕೇಳಿದ್ದಕ್ಕೆ, ಆಯ್ತು ಬಿಡು ಅಂದಳು. ಅಷ್ಟೇ. ಅವಳು ಒಂದೇ ಮಾತಿನಲ್ಲಿ ಮುಗಿಸಿದ್ದನ್ನು ನಾನು ಅದೇ ಮೊದಲು ಕಂಡದ್ದು.

ಸಾಹೇಬರು ನಮ್ಮ ಬಾಗಿಲಿಗೆ ಬಂದರು. ಬನ್ನಿ ಸಾರ್ ಅಂದೆ. ಅವರು ಒಂದು ಕಾಲು ಎತ್ತಿ ಹೊಸ್ತಿಲ ಮೇಲೆ ಇಟ್ಟರು. ನಿಜ ಹೇಳುತ್ತೇನೆ, ಆ ಕಾಲು ನೋಡಿ ನನ್ನ ಎದೆ ಹೊಡೆದುಕೊಂಡಿತು. ಒಳಗಿನ ಗಾಳಿ ಅವರ ಮುಖಕ್ಕೆ ಬಡಿಯಿತು. ಕಾಲು ವಾಪಸು ಹೋಯಿತು. ಓಣಿಯ ಆ ಬದಿಗೆ ಹೋಗಿ, ಗೋಡೆಗೆ ಕೈ ಕೊಟ್ಟು ಓಕರಿಸಿದರು. ಟೇಪಿನವ ನೀರಿನ ಬಾಟಲಿ ಹಿಡಿದು ಪಕ್ಕದಲ್ಲಿ ನಿಂತ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಸುಣ್ಣ, ಫಿನಾಯಿಲ್, ಅಗರಬತ್ತಿ, ನಮ್ಮತ್ತೆ, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಮುಖ ಒರೆಸಿಕೊಂಡು ಬಂದರು. ಕೆಟ್ಟ ಮನುಷ್ಯ ಅಂತ ಹೇಳಲಾರೆ. ಅವರಿಗೂ ನಾಚಿಕೆಯಾಗಿತ್ತು, ಕಣ್ಣು ಕೊಟ್ಟು ಮಾತಾಡಲಿಲ್ಲ.

“ನಂಗಾಗಲ್ಲಮ್ಮ,” ಅಂದರು.

ಟೇಪಿನವ ಬರಲಿ ಅಂದೆ. ಅವನು ಎಷ್ಟು ಹೊತ್ತಿನಿಂದಲೋ ಆಕಾಶ ನೋಡುತ್ತಿದ್ದ. ಹಾಗಾದರೆ ಟೇಪು ನನಗೇ ಕೊಡಿ, ತುದಿಯನ್ನು ಗೋಡೆಗೆ ನಾನೇ ಹಿಡಿಯುತ್ತೇನೆ, ಬಾಗಿಲಲ್ಲಿ ನಿಂತು ಓದಿಕೊಳ್ಳಿ ಅಂದೆ. ಮನೆಯವರ ಕೈಗೆ ಟೇಪು ಕೊಡುವ ಹಾಗಿಲ್ಲವಂತೆ, ನಿಯಮ. ಒಳಗೆ ಬರಬೇಕು ಅನ್ನುವುದೂ ನಿಯಮವೇ ಅಲ್ಲವಾ ಸಾರ್ ಅಂದೆ. ಸಾಹೇಬರು ಹಾಳೆ ತೆಗೆದು, ಬಾಗಿಲಿನಿಂದಲೇ ಒಳಗೆ ಕಣ್ಣು ಹಾಯಿಸಿ, ಏನೋ ಬರೆದು ನನ್ನ ಮುಂದೆ ಹಿಡಿದರು.

“ಕಡಿಮೇನೇ ಬರ್ದಿದೀನಿ. ತೆರಿಗೆ ಬರಲ್ಲ ನಿಂಗೆ. ಇಲ್ಲೊಂದು ಸಹಿ ಹಾಕ್ಬಿಡು.”

ನೋಡಿದೆ. ನಿಜ. ಬರೆದದ್ದು ನಮ್ಮ ಮನೆಯ ನಿಜವಾದ ಅಳತೆಗಿಂತಲೂ ಸಣ್ಣದಿತ್ತು. ನಲ್ಲಿ ಉಳಿಯಿತು ಅಂದುಕೊಂಡೆ. ಪೆನ್ನು ಕೈಗೆ ತೆಗೆದುಕೊಂಡೆ. ನನಗೆ ಓದಲಿಕ್ಕೆ ಬರುತ್ತದೆ, ಅದೊಂದು ಶನಿ. ಸಹಿ ಹಾಕುವ ಜಾಗದ ಮೇಲೆ ಅಚ್ಚಿನಲ್ಲಿ ಒಂದು ಸಾಲಿತ್ತು. ‘ಅಧಿಕಾರಿಗಳು ನಮ್ಮ ಮನೆಯ ಒಳಗೆ ಬಂದು, ನಮ್ಮ ಎದುರಿಗೆ ಅಳತೆ ಮಾಡಿರುತ್ತಾರೆ.’

“ನೀವು ಒಳಗೆ ಬಂದಿಲ್ವಲ್ಲ ಸಾರ್.”

“ಎಲ್ಲಾ ಮನೇಲೂ ಹಾಗೇ ಹಾಕಿದಾರಮ್ಮ. ಪಕ್ಕದ ಮನೆಯವರೂ ಹಾಕಿದಾರೆ. ಸುಮ್ನೆ ಹಾಕು.”

ರೇಡಿಯೋ ಬಾಯಿ ಯಾಕೆ ಕಟ್ಟಿತ್ತು ಅಂತ ಆಗ ತಿಳಿಯಿತು. ಅವಳಿಗೊಂದು ನ್ಯಾಯ, ನನಗೊಂದು ನ್ಯಾಯವೇ? ಒಂದು ಸುಳ್ಳು ತಾನೇ, ಹೊಟ್ಟೆ ತುಂಬಿಸುವ ಸುಳ್ಳು. ಹಾಕಿಯೇ ಬಿಡುವವಳಿದ್ದೆ. ಪೆನ್ನು ಹಾಳೆಗೆ ತಾಗಿತ್ತು.

ಅಷ್ಟರಲ್ಲಿ ಅತ್ತೆ ಬಂದರು. ರೇಡಿಯೋ ಮನೆಯ ಕಟ್ಟೆಯಿಂದ ಇಣುಕಿ, ಹಾಳೆ ಪೆನ್ನು ಕಂಡು, ಎಲ್ಲ ಮುಗಿಯಿತು ಅಂದುಕೊಂಡಿದ್ದರು. ಸಾಹೇಬರಿಂದ ದೂರ ನಿಂತರು. ಗಾಳಿ ಯಾವ ಕಡೆಗೆ ಬೀಸುತ್ತಿದೆ ಅಂತ ನೋಡಿ, ಆ ಕಡೆಗೆ ಸರಿದು ನಿಂತರು. ಸೆರಗಿನಿಂದ ಕೈ ಮುಚ್ಚಿಕೊಂಡರು. ನನ್ನನ್ನು ಕೇಳಲಿಲ್ಲ, ಅವರನ್ನು ಕೇಳಿದರು.

“ಒಳಗೆ ನೋಡಿದ್ದಾಯ್ತಾ ಸ್ವಾಮಿ? ಈಗ ನಾನು ಒಳಗೆ ಹೋಗ್ಬೋದಾ?”

ಅದು ಅವರ ಮನೆ. ಅವರ ಗಂಡನ ಸಂಬಳದಲ್ಲಿ ತಿಂಗಳು ತಿಂಗಳು ಹಿಡಿದುಕೊಂಡ ಮನೆ. ಅವರ ಉಗುರು ಹೋದದ್ದು ಆ ಮನೆಗಾಗಿ. ಹೋಗಬಹುದಾ ಅಂತ ಕೇಳುವ ಹಾಗೆ ಮಾಡಿದವಳು ನಾನು. ಸಾಹೇಬರು ಅಲ್ಲ, ನಾನು. ಭೂಮಿ ಬಾಯಿ ಬಿಡಲಿಲ್ಲ, ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

ಹೋಗಮ್ಮ ಹೋಗು ಅಂದರು ಸಾಹೇಬರು. ಅಪ್ಪಣೆ ಕೊಟ್ಟರು.

ನಾನು ಪೆನ್ನನ್ನು ಅವರ ಹಾಳೆಯ ಮೇಲೆ ಇಟ್ಟೆ.

“ನೀವು ಒಳಗೆ ಬಂದಿಲ್ಲ. ಬಂದ್ರಿ ಅಂತ ನಾನು ಬರ್ಕೊಡಲ್ಲ.”

“ಇದ್ರಿಂದ ಲಾಭ ಯಾರಿಗಮ್ಮ? ನಂಗಾ?”

“ನಂಗೇ ಸಾರ್.”

“ಮತ್ತೆ?”

“ಬೇಡ.”

ಅವರು ಬರೆದದ್ದನ್ನು ಹೊಡೆದು ಹಾಕಿ, ‘ಮನೆಯವರು ಸಹಕರಿಸಲಿಲ್ಲ’ ಅಂತ ಬರೆದುಕೊಂಡು ಹೋದರು. ಹೊರಗೋಡೆಯ ಅಳತೆಯೇ ಗಟ್ಟಿಯಾಯಿತು. ನಾವು ದೊಡ್ಡ ಮನೆಯವರಾಗಿಯೇ ಉಳಿದೆವು.

ಸಂಜೆ ನನ್ನ ಗಂಡ ಬಂದು ಕೂಗಾಡಿದರು. ಒಂದು ಸಹಿ ಹಾಕಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು, ಅವರು ಒಳಗೆ ಬಂದರೆಷ್ಟು ಬಿಟ್ಟರೆಷ್ಟು, ಬಂದಿದ್ದರೆ ನಿನಗೇನು ಕಿರೀಟ ಇಡುತ್ತಿದ್ದರಾ ಅಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.  ಅತ್ತೆ ಊಟ ಮಾಡಿ ಮಲಗಿದರು. ತಮ್ಮ ಮೂಲೆಯಲ್ಲಿ ಅಲ್ಲ, ಬಾಗಿಲ ಹತ್ತಿರ. ಅಲ್ಲಿ ಗಾಳಿ ಬರುತ್ತೆ ಅಂದರು. ಗಾಳಿ ಬರುವುದಿಲ್ಲ ಅಂತ ಇಬ್ಬರಿಗೂ ಗೊತ್ತು.

ತೆರಿಗೆ ಕಟ್ಟಲಿಕ್ಕೆ ದುಡ್ಡಿರಲಿಲ್ಲ. ಗಡುವು ಮುಗಿದ ಮೇಲೆ ನಲ್ಲಿ ಕತ್ತರಿಸುವವರು ಬಂದರು. ನಲ್ಲಿ ಹೊರಗೋಡೆಗೇ ಇತ್ತು. ಅವರಿಗೆ ಒಳಗೆ ಬರುವ ಕಷ್ಟ ಬೀಳಲಿಲ್ಲ.

ನೀರಿಲ್ಲದ ಮನೆ ಹೇಗಿರುತ್ತದೆ ಅಂತ ಬೇರೆಯವರಿಗೆ ಗೊತ್ತಿರಬಹುದು. ನೀರಿಲ್ಲದ ತೊಗಲಿನವರ ಮನೆ ಹೇಗಿರುತ್ತದೆ ಅಂತ ಗೊತ್ತಿಲ್ಲ. ಸುಣ್ಣ ಮೈಮೇಲೇ ಒಣಗುತ್ತದೆ. ಕೊಬ್ಬು ಕೂದಲಲ್ಲಿ ಗಟ್ಟಿಯಾಗುತ್ತದೆ. ಉಪ್ಪು ಬಿದ್ದ ಬಿರುಕು ರಾತ್ರಿಯೆಲ್ಲ ಉರಿಯುತ್ತದೆ. ವಾಸನೆ ಅಂತ ಒಳಗೆ ಬರಲಿಲ್ಲ. ಒಳಗೆ ಬರದೆ ಇದ್ದುದಕ್ಕೆ ತೆರಿಗೆ. ತೆರಿಗೆ ಕಟ್ಟದ್ದಕ್ಕೆ ನೀರಿಲ್ಲ. ನೀರಿಲ್ಲದ್ದಕ್ಕೆ ವಾಸನೆ. ಇದನ್ನು ಕಾಯಿದೆ ಬರೆದ ಆ ಒಳ್ಳೆಯವರಿಗೆ ಯಾರು ಹೇಳಬೇಕು?

ರೇಡಿಯೋ ತನ್ನ ನಲ್ಲಿಯಿಂದ ಕೊಡ ತುಂಬಿ ತಂದು ಕೊಟ್ಟಳು. ನಾನು ಬೇಡ ಅಂದೆ. ಸೊಕ್ಕು ನಲ್ಲಿ ಇದ್ದವರಿಗೆ ಕಣೇ ಅಂತ ಬೈದು ಕೊಡ ಇಟ್ಟು ಹೋದಳು. ಕತ್ತರಿಸಿದ ಮನೆಗೆ ನೀರು ಕೊಟ್ಟರೆ ನಿನ್ನದೂ ಹೋಗುತ್ತೆ ಅಂತ ನಲ್ಲಿಯವರು ಹೆದರಿಸಿದರು. ಮರುದಿನವೂ ತಂದಳು. ಅವಳದೂ ಹೋಯಿತು. ಆವತ್ತು ಸಂಜೆ ಅವಳು ಬಂದು ನಮ್ಮ ಹೊಸ್ತಿಲ ಮೇಲೆ ಕೂತಳು.

“ನನ್ನ ಮಕ್ಕಳು ಕೇಳಿದ್ವು ಕಣೇ,” ಅಂದಳು. “ಅವರು ನಮ್ಮನೆ ಒಳಗೆ ಬಂದ್ರಾ ಅಂತ. ಹೂಂ ಬಂದಿದ್ರು ಅಂದೆ. ಎಲ್ಲಿ ಕೂತಿದ್ರು ಅಂತ ಕೇಳಿದ್ವು. ಆ ಕುರ್ಚಿ ತೋರ್ಸಿದೆ.”

ಹೇಳಿ ಮುಖ ಮುಚ್ಚಿಕೊಂಡಳು. ಅವಳು ಅತ್ತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಮಾರನೆಯ ದಿನ ಕಾರ್ಖಾನೆಯಲ್ಲಿ ದಿಮ್ಮಿಯಿಂದ ದಿಮ್ಮಿಗೆ ಅವಳೇ ಹೋಗಿ ಈ ಮಾತು ಹೇಳಿದಳು, ಕುರ್ಚಿಯ ಸುಳ್ಳಿನ ಸಮೇತ. ಕತ್ತಿ ನಿಲ್ಲಿಸಿ ಕೇಳಿದ ಹೆಂಗಸರೆಲ್ಲ ತಲೆ ತಗ್ಗಿಸಿದರು. ಸಹಿ ಹಾಕದವಳು ಅಲ್ಲಿ ನಾನೊಬ್ಬಳೇ. ನನ್ನ ತಲೆಯೂ ತಗ್ಗಿಯೇ ಇತ್ತು, ಬೇರೆ ಕಾರಣಕ್ಕೆ.

ಕೆಲಸ ಮುಗಿದ ಮೇಲೆ ನಾವು ಮನೆಗೆ ಹೋಗಲಿಲ್ಲ. ನೇರವಾಗಿ ಕಚೇರಿಗೆ ಹೋದೆವು. ಮೈ ತೊಳೆಯದೆ, ಬಟ್ಟೆ ಬದಲಿಸದೆ, ಮೊಣಕೈ ತನಕ ಸುಣ್ಣ ಇರುವ ಹಾಗೇ. ಯಾರೋ ಓಡಿಹೋಗಿ ಅತ್ತೆಯನ್ನೂ ಕರೆತಂದರು. ಮೆಟ್ಟಿಲ ಹತ್ತಿರ ಕಾವಲಿನವನು ಕೈ ಅಡ್ಡ ಹಿಡಿದ. ಅವನೇನೂ ನಮ್ಮನ್ನು ಮುಟ್ಟಿ ತಡೆಯುವವನಲ್ಲ. ನಡೆದೆವು, ಕೈ ತಾನಾಗಿಯೇ ಹಿಂದೆ ಹೋಯಿತು.

ಕಚೇರಿಯ ದೊಡ್ಡ ಹಾಲ್. ನುಣ್ಣನೆಯ ನೆಲ. ನಾವು ಅದರ ನಡುವೆ ಕೂತೆವು. ನಮ್ಮ ಕಾಲಿನ ಗುರುತು ಬಾಗಿಲಿಂದ ಅಲ್ಲಿತನಕ ಬಿದ್ದಿತ್ತು. ಮೊದಲು ಹತ್ತಿರದ ಮೇಜಿನವರು ಎದ್ದರು. ಫ್ಯಾನು ಜೋರು ಮಾಡಿದರು, ಅದರಿಂದ ವಾಸನೆ ಮೂಲೆ ಮೂಲೆಗೂ ಹೋಯಿತು. ಒಬ್ಬಳು ಹುಡುಗಿ, ನನ್ನ ತಂಗಿಯ ವಯಸ್ಸಿನವಳು, ಬಾಯಿಗೆ ದುಪಟ್ಟ ಒತ್ತಿಕೊಂಡು ಹೊರಗೆ ಓಡಿದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾಚಿಕೆಯಾಯಿತು. ಎದ್ದುಬಿಡೋಣ ಅನ್ನಿಸಿತು. ಹೋರಾಟಕ್ಕೆ ಹೋದವರಿಗೆ ಎದೆ ಉಬ್ಬುತ್ತದೆ ಅನ್ನುತ್ತಾರೆ. ನಮಗೆ ಹಾಗೇನೂ ಆಗಲಿಲ್ಲ. ಊಟಕ್ಕೆ ಕರೆಯದ ಮನೆಯಲ್ಲಿ ಎಲೆ ಮುಂದೆ ಕೂತ ಹಾಗಿತ್ತು.

ಹಾಲ್ ಖಾಲಿಯಾಯಿತು. ಒಳಗೆ ನಾವು, ಹೊರಗೆ ಅವರು. ಅಳತೆಗೆ ಬಂದಿದ್ದ ಸಾಹೇಬರು ಬಾಗಿಲ ಆಚೆ ನಿಂತು, ಕರ್ಚೀಫಿನ ಹಿಂದಿನಿಂದ ಮಾತಾಡಿದರು. ಏನಿದ್ದರೂ ಹೊರಗೆ ಬನ್ನಿ, ಮರದ ಕೆಳಗೆ ಕೂತು ಮಾತಾಡೋಣ. ನಾಳೆ ಯಾರನ್ನಾದರೂ ಕಳಿಸುತ್ತೇನೆ. ಇವತ್ತು ಮನೆಗೆ ಹೋಗಿ.

ಅತ್ತೆ ನನ್ನ ಕಿವಿಯ ಹತ್ತಿರ ಬಗ್ಗಿದರು. ಪಾಪ ಕಣೇ, ಅವರಿಗೆ ಕಷ್ಟ ಆಗ್ತಿದೆ, ಆಚೆಗೇ ಹೋಗಿ ಕೂತ್ಕೊಳ್ಳೋಣ ಅಂದರು. ಹೇಳುತ್ತಲೇ ಕೈ ಊರಿ ಏಳಲಿಕ್ಕೆ ಶುರು ಮಾಡಿದರು. ಅವರು ಎದ್ದರೆ ಎಲ್ಲರೂ ಏಳುತ್ತಾರೆ ಅಂತ ನನಗೆ ಗೊತ್ತಿತ್ತು. ಉಗುರಿಲ್ಲದ ಆ ಕೈ ಹಿಡಿದುಕೊಂಡೆ.

“ಕೂತ್ಕೊಳ್ಳಿ ಅತ್ತೆ. ಆವತ್ತು ಹೇಳ್ಬೇಕಿತ್ತು. ಹೇಳ್ಲಿಲ್ಲ. ಎಲ್ಲಿಗೂ ಹೋಗ್ಬೇಡಿ.”

ಅವರು ನನ್ನ ಮುಖ ನೋಡಿದರು.  ಅರ್ಧ ಎದ್ದವರು ಮೆಲ್ಲಗೆ ಕೂತರು. ಕೈ ಬಿಡಿಸಿಕೊಂಡು ಸೆರಗು ಹೊದ್ದರು. ಬಾಗಿಲ ಕಡೆ ತಿರುಗಿ, ನೆಲ ನೋಡುತ್ತಲೇ ಮಾತಾಡಿದರು. 

“ಮನೆ ಬಾಗಿಲು ತೆಗೆದಿಟ್ಟೇ ಬಂದಿದೀನಿ ಸ್ವಾಮಿ. ನೀವು ಹೋಗಿ, ಒಳಗೆ ಅಳ್ಕೊಂಡು ಬನ್ನಿ. ಅಲ್ಲೀತನಕ ನಾವು ಇಲ್ಲೇ ಇರ್ತೀವಿ.”

ಹೇಳಿದ ಮೇಲೂ ಅವರು ತಲೆ ಎತ್ತಲಿಲ್ಲ. ನಾಚಿಕೆಯಿಂದ ಕಿವಿ ಕೆಂಪಾಗಿತ್ತು. ಆದರೆ ಏಳಲಿಲ್ಲ.